ದೋಸಾನ್ ಪಾಲಿನ ತಲೆ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಎರ್ದೆನ್ ಒಂದೇ ಒಂದು ಸಾಲು ಬರೆದ. ಬರೆಯಬಾರದ ಜಾಗದಲ್ಲಿ ಬರೆದ. ಅಲ್ಲಿ ಯಾರೂ ಬರೆಯಕೂಡದು ಎಂದು ಎರಡು ವರ್ಷದಿಂದ ಆಫೀಸಿನವರ ಪ್ರಾಣ ತಿನ್ನುತ್ತಿದ್ದವನೂ ಅವನೇ. ಹಾಗೆಂದು ಅವನು ಕೆಟ್ಟವನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಮಾವ ಫೋನ್ ಮಾಡಿದ್ದರು, ಅಷ್ಟೇ.

ನಮ್ಮ ಶಿಮ್ಕೆಂತ್ ನಗರದ ಮದುವೆ ಛತ್ರಗಳಲ್ಲಿ ಯಾವ ಮೇಜಿಗೆ ಯಾವ ಮಾಂಸದ ಹರಿವಾಣ ಹೋಗಬೇಕು ಎನ್ನುವುದು ಹುಡುಗಾಟದ ವಿಷಯವಲ್ಲ. ಬೀಗರ ಹಿರಿಯರಿಗೆ ಕುರಿಯ ತಲೆ ಇಟ್ಟ ಹರಿವಾಣ. ಅವರ ನಂತರದವರಿಗೆ ಸೊಂಟದ ಮೂಳೆ. ಅಳಿಯಂದಿರಿಗೆ ಎದೆಮಾಂಸ. ಒಂದು ಮೂಳೆ ಅದಲುಬದಲಾದರೆ ಎರಡು ಮನೆತನಗಳ ನಡುವೆ ಮಾತು ನಿಂತುಹೋಗುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಸರಿಹೋಗುವುದಿಲ್ಲ. ಐನೂರು ಅತಿಥಿಗಳ ವಯಸ್ಸು, ನಂಟು ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಅಜ್ಜಿಯರು ಈಗ ಇಲ್ಲ. ಅದಕ್ಕೇ ಊರಾಚೆಯ ದೊಡ್ಡ ಛತ್ರದವರು ಜೋಮಾರ್ತನ ಸಣ್ಣ ಕಂಪನಿಗೆ ಹೇಳಿ ಒಂದು ಸಾಫ್ಟ್‌ವೇರ್ ಮಾಡಿಸಿದ್ದರು. ಅದರ ಕಟ್ಟಡದ ನಕ್ಷೆ ಎರ್ದೆನ್‌ನದು.

ಅದನ್ನು ಅವನು ಮೂರು ಅಂತಸ್ತಿನ ಮನೆಯ ಹಾಗೆ ಕಟ್ಟಿದ್ದ. ಮೇಲಿನ ಅಂತಸ್ತು ಎಂದರೆ ಬಡಿಸುವ ಹುಡುಗಿಯರ ಕೈಯಲ್ಲಿರುವ ಪರದೆ. ಅದಕ್ಕೆ ತೋರಿಸುವ ಕೆಲಸ ಮಾತ್ರ, ಯೋಚಿಸುವ ಅಧಿಕಾರವಿಲ್ಲ. ನಡುವಿನ ಅಂತಸ್ತಿನಲ್ಲಿ ನಿಯಮಗಳು: ಯಾರಿಗೆ ಯಾವ ಹರಿವಾಣ, ಯಾರಾದ ಮೇಲೆ ಯಾರು. ಕೆಳಗಿನ ಅಂತಸ್ತು ಉಗ್ರಾಣ. ಅಲ್ಲಿ ಅತಿಥಿಗಳ ಹೆಸರು, ಹುಟ್ಟಿದ ವರ್ಷ, ನಂಟು. ಮೇಲಿನವರು ನಡುವಿನವರನ್ನು ಕೇಳಬೇಕು, ನಡುವಿನವರು ಕೆಳಗಿನವರನ್ನು. ನಡುವಿನವರನ್ನು ದಾಟಿ ಯಾರೂ ಉಗ್ರಾಣಕ್ಕೆ ಕೈಹಾಕಕೂಡದು. ಒಂದು ಅಂತಸ್ತಿನೊಳಗೆ ಏನು ನಡೆಯುತ್ತದೆಂದು ಇನ್ನೊಂದಕ್ಕೆ ತಿಳಿದಿರಬೇಕಾಗಿಲ್ಲ.

ಕಂಪನಿಯಲ್ಲಿ ಇದ್ದವರೂ ಮೂರೇ ಜನ. ಮೇಲಿನ ಅಂತಸ್ತು ಎರ್ದೆನ್‌ಗೆ, ನಡುವಿನದು ಯಜಮಾನ ಜೋಮಾರ್ತನಿಗೆ, ಉಗ್ರಾಣ ರಿಮ್ಮಾ ಪಾವ್ಲೊವ್ನಾ ಎಂಬ ಅರವತ್ತು ದಾಟಿದ ಹೆಂಗಸಿಗೆ. ಸಾಫ್ಟ್‌ವೇರಿಗೆ ಒಳ್ಳೆಯದಾದದ್ದು ಮನುಷ್ಯರಿಗೂ ಒಳ್ಳೆಯದೇ ಎಂದು ನಂಬಿದ್ದ ಎರ್ದೆನ್, ಆಫೀಸಿನಲ್ಲೂ ಎಲ್ಲರೂ ಅಂತಸ್ತಿನ ಪ್ರಕಾರವೇ ಮಾತಾಡಬೇಕು ಎಂದು ಬರೆದು ಗೋಡೆಗೆ ಅಂಟಿಸಿದ್ದ. ಅಲ್ಲಿಂದೀಚೆಗೆ ಅವನು ರಿಮ್ಮಾ ಪಾವ್ಲೊವ್ನಾ ಹತ್ತಿರ ಸಕ್ಕರೆ ಡಬ್ಬಿ ಬೇಕಾದರೂ ಜೋಮಾರ್ತನ ಮೂಲಕವೇ ಕೇಳುತ್ತಿದ್ದ. ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ.

ಆ ಭಾನುವಾರ ಸಾಫ್ಟ್‌ವೇರಿನ ಮೊದಲ ಔತಣ. ಅದು ಎರ್ದೆನ್‌ನ ನಾದಿನಿ ಮೋಲ್ದಿರಳನ್ನು ಗಂಡಿನ ಮನೆಗೆ ಕಳಿಸಿಕೊಡುವ ಔತಣವೇ ಆಗಿತ್ತು. ಬೇರೆ ಛತ್ರ ನೋಡಿದ್ದ ಮಾವ ಸರ್ಸೆನ್‌ಬಾಯ್ ಅವರನ್ನು ಇಲ್ಲಿಗೆ ಒಪ್ಪಿಸಿದವನು ಎರ್ದೆನ್. ಕಾರಣವಿತ್ತು. ಏಳು ವರ್ಷದಿಂದ ಯಾರಾದರೂ "ನಿಮ್ಮ ದೊಡ್ಡಳಿಯ ಏನು ಮಾಡ್ತಾರೆ?" ಎಂದರೆ ಮಾವ "ಏನೋ ಕರೆಂಟಿನ ಕೆಲಸ" ಎಂದು ಮಾತು ತಿರುಗಿಸುತ್ತಿದ್ದರು. ಎರ್ದೆನ್‌ಗೆ ಅದು ಚುಚ್ಚುತ್ತಿತ್ತು. ಬೀಗರೆಲ್ಲ ತೃಪ್ತಿಯಾಗಿ ಎದ್ದ ಮೇಲೆ ಮಾವ ಒಂದು ಸಲ, ಒಂದೇ ಒಂದು ಸಲ, "ಇದು ನಮ್ಮ ಅಳಿಯ ಮಾಡಿದ್ದು" ಎಂದರೆ ಸಾಕಿತ್ತು.

ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಆ ಮಾವನೇ ಫೋನ್ ಮಾಡಿದರು.

"ನಮ್ಮ ದೋಸಾನ್ ಅಣ್ಣ ಬರಲ್ಲ ಅಂತ ಕೂತ್ಬಿಟ್ಟಿದಾರೆ ಕಣಯ್ಯ."

"ಯಾಕೆ ಮಾವ? ಏನಾಯ್ತು?"

"ತಲೆಯ ಹರಿವಾಣ ತಮ್ಮ ಮುಂದೂ ಇಡ್ಬೇಕಂತೆ."

"ಅದು ಬೀಗರಿಗಲ್ವಾ ಮಾವ? ಕರೆದೋರೇ ತಲೆ ತಿಂತಾ ಕೂತ್ರೆ ಜನ ಏನಂತಾರೆ?"

"ನನಗೆ ಹೇಳ್ಕೊಡ್ಬೇಡ. ನಮ್ಮ ಮನೆತನದಲ್ಲಿ ಉಳಿದಿರೋ ಹಿರೀಕ ಅವರೊಬ್ರೇ. ಅವರು ಬರ್ದಿದ್ರೆ ಮಗಳಿಗೆ ಆಶೀರ್ವಾದ ಮಾಡೋರು ಯಾರು, ನೀನಾ? ಹತ್ತು ನಿಮಿಷದಲ್ಲಿ ಅವರ ಹೆಸರಿನ ಮುಂದೆ ತಲೆ ಅಂತ ಬರ್ಲಿ. ಫೋಟೊ ತೆಗೆದು ಕಳ್ಸು, ತೋರ್ಸಿ ಕರ್ಕೊಂಡು ಬರ್ತೀನಿ."

"ಹತ್ತು ನಿಮಿಷದಲ್ಲಿ ಆಗಲ್ಲ ಮಾವ. ನಿಯಮ ಅನ್ನೋದು ನಡುವಿನ ಅಂತಸ್ತಲ್ಲಿರುತ್ತೆ, ಅದನ್ನ ಮುಟ್ಟಿದ್ರೆ ಎರಡು ದಿನ ಪರೀಕ್ಷೆ ಮಾಡ್ಬೇಕು..."

"ಅಂತಸ್ತು ಗಿಂತಸ್ತು ನನಗೆ ತಿಳಿಯಲ್ಲ. ಅಣ್ಣನಿಗೆ ತಲೆ ಬರುತ್ತೋ ಇಲ್ವೋ?"

ಎರ್ದೆನ್ ಕಣ್ಣು ಮುಚ್ಚಿ ಸಾಲು ಬರೆದ. ನಡುವಿನ ಅಂತಸ್ತನ್ನು ಕೇಳಲಿಲ್ಲ, ಯಾರ ಒಪ್ಪಿಗೆಯನ್ನೂ ಪಡೆಯಲಿಲ್ಲ. ದೋಸಾನ್ ಹೆಸರು ಎಲ್ಲಿ ಕಂಡರೂ ಮುಂದೆ "ತಲೆ ಕೊಡಬೇಕು" ಎಂದು ತೋರಿಸು ಎಂದು ಪರದೆಗೇ ಹೇಳಿಕೊಟ್ಟ. ಇವತ್ತೊಂದು ದಿನ ತಾನೆ, ನಾಳೆ ಅಳಿಸಿದರಾಯಿತು ಎಂದುಕೊಂಡ. ಸಂತೆಯಲ್ಲಿ ಜೇಬುಗಳ್ಳತನ ಮಾಡಿದವನ ಹಾಗೆ ಸುತ್ತ ನೋಡಿ, ಫೋಟೊ ತೆಗೆದು ಮಾವನಿಗೆ ಕಳಿಸಿದ.

ಹನ್ನೆರಡು ಗಂಟೆಗೆ ಛತ್ರದ ಅಡಿಗೆಮನೆಯಲ್ಲಿ ಗಲಾಟೆ ಎದ್ದಿತು. ಅಲ್ಲಿನ ಮುಖ್ಯಸ್ಥೆ ಕಲಂಪಿರ್. ಗಟ್ಟಿಗಿತ್ತಿ, ಮೂವತ್ತು ವರ್ಷದಿಂದ ಶಿಮ್ಕೆಂತಿಗೆ ಉಣಬಡಿಸಿದವಳು. ಅಡಿಗೆಮನೆಯ ಗೋಡೆಗೆ ಹಾಕಿದ್ದ ಪಟ್ಟಿ ನೇರವಾಗಿ ನಡುವಿನ ಅಂತಸ್ತಿನಿಂದ ಬರುತ್ತಿತ್ತು. ಅದರಲ್ಲಿ ಬೀಗರ ಆರು ಮೇಜು, ಆರು ತಲೆ. ಹುಡುಗಿಯರ ಕೈಯ ಪರದೆಗಳಲ್ಲಿ ಏಳು.

"ಏಳನೇ ತಲೆ ಎಲ್ಲಿಂದ ತರ್ಲಿ?" ಎಂದು ಅವಳು ಜೋಮಾರ್ತನನ್ನು ತಡೆದು ನಿಲ್ಲಿಸಿದಳು. "ಕುಯ್ದಿರೋದು ಆರು ಕುರಿ. ನಿಮ್ಮ ಪರದೆ ಹೇಳ್ತು ಅಂತ ಒಂದು ಕುರಿಗೆ ಎರಡು ತಲೆ ಬರುತ್ತಾ?"

"ಏನೂ ತೊಂದ್ರೆ ಇಲ್ಲ ಅಕ್ಕ, ಈಗಲೇ ಸರಿಮಾಡ್ತೀನಿ," ಎಂದ ಜೋಮಾರ್ತ್. ಏಳು ಎಲ್ಲಿಂದ ಬಂತು ಎಂದು ಅವನು ಎರ್ದೆನ್‌ನನ್ನು ಕೇಳಬಹುದಿತ್ತು. ಆದರೆ ಮೇಲಿನ ಅಂತಸ್ತಿನೊಳಗೆ ಇಣುಕುವುದು ಪದ್ಧತಿಗೆ ವಿರುದ್ಧ. ಅಲ್ಲಿಯೇ ಹಿಟ್ಟಿನ ಚೀಲದ ಮೇಲೆ ಕೂತು ಪರದೆಯಲ್ಲಿದ್ದ ಏಳೂ ಹೆಸರನ್ನು ಪಟ್ಟಿಗೆ ಹಾಕಿಕೊಂಡು ತನ್ನ ಅಂತಸ್ತಿನಲ್ಲಿ ಒಂದು ನಿಯಮ ಸೇರಿಸಿದ: ತಲೆಗಳು ಸಾಲದೆ ಬಂದರೆ ವಯಸ್ಸಿನಲ್ಲಿ ಹಿರಿಯರಿಗೆ ಮೊದಲು, ಉಳಿದವರಿಗೆ ಆ ಹೊತ್ತಿಗೆ ಸಿದ್ಧವಿರುವ ಯಾವುದಾದರೂ ಹರಿವಾಣ. ಬೀಗರ ಆರೂ ಮಂದಿ ದೋಸಾನ್‌ಗಿಂತ ದೊಡ್ಡವರು. ದೋಸಾನ್ ಏಳನೆಯವನಾದ. ಯಜಮಾನನ ನಿಯಮಕ್ಕೆ ಎರಡು ದಿನದ ಪರೀಕ್ಷೆ ಎಲ್ಲಿದೆ ಎಂದು ಕೇಳುವವರು ಯಾರೂ ಇರಲಿಲ್ಲ.

ಒಂದು ಗಂಟೆಗೆ ಸರ್ಸೆನ್‌ಬಾಯ್ ಅಡಿಗೆಮನೆಗೆ ಬಂದು ಹೊಸ ಪಟ್ಟಿ ನೋಡಿದರು. ದೋಸಾನ್ ಹೆಸರು ಕೊನೆಯಲ್ಲಿತ್ತು. ದೋಸಾನ್ ಆಗಲೇ ಜರಿಯಂಚಿನ ನಿಲುವಂಗಿ ತೊಟ್ಟು ಬಾಗಿಲಲ್ಲಿ ಕಾರಿನಿಂದ ಇಳಿಯುತ್ತಿದ್ದ. ಅಳಿಯನನ್ನು ಹುಡುಕುವಷ್ಟು ಪುರುಸೊತ್ತು ಇರಲಿಲ್ಲ. ದೊಡ್ಡ ಮಗಳು, ಎರ್ದೆನ್‌ನ ಹೆಂಡತಿ ಶೋಲ್ಪಾನ್ ಕೊಟ್ಟ ಆಫೀಸಿನವರ ನಂಬರಿಗೆ ಫೋನ್ ಮಾಡಿದರು. ಅದು ರಿಮ್ಮಾ ಪಾವ್ಲೊವ್ನಾ ಅವರದು. ಆಕೆ ಮನೆಯಲ್ಲಿ ಸೌತೆಕಾಯಿ ಉಪ್ಪಿಗೆ ಹಾಕುತ್ತಿದ್ದರು.

"ನಮ್ಮಣ್ಣನ ಹುಟ್ಟಿದ ವರ್ಷ ತಪ್ಪಾಗಿ ಬರ್ದಿದೀರಮ್ಮ. ಅವರಷ್ಟು ಹಿರೀಕರು ಈ ಊರಲ್ಲೇ ಇಲ್ಲ."

"ವಿವರ ತಪ್ಪಿದ್ರೆ ತಿದ್ದೋದು ನನ್ನ ಕರ್ತವ್ಯ. ಯಾವ ವರ್ಷ?"

ಸರ್ಸೆನ್‌ಬಾಯ್ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೇಳುವುದೇ ಆದರೆ ಎಷ್ಟು ಹೇಳಬೇಕೆಂಬ ಅಂದಾಜು ಅವರಿಗಿರಲಿಲ್ಲ. "ಸಾವಿರದ ಒಂಬೈನೂರ ಏಳು ಅಂತ ಬರ್ಕೊಳಿ," ಎಂದರು.

ರಿಮ್ಮಾ ಪಾವ್ಲೊವ್ನಾ ಕೈ ಒರೆಸಿಕೊಂಡು ಹಾಗೆಯೇ ಬರೆದರು. ಈ ವಯಸ್ಸು ನಂಬುವಂಥದ್ದೋ ಅಲ್ಲವೋ ಎಂದು ಯೋಚಿಸುವುದು ನಡುವಿನ ಅಂತಸ್ತಿನ ಕೆಲಸ. ಉಗ್ರಾಣದವರು ಕೊಟ್ಟದ್ದನ್ನು ಇಡುತ್ತಾರೆ, ಕೇಳಿದ್ದನ್ನು ಕೊಡುತ್ತಾರೆ.

ಹೀಗೆ ಮೂವರೂ ತಮ್ಮ ತಮ್ಮ ಅಂತಸ್ತಿನಲ್ಲಿ ಚಿಕ್ಕದೊಂದು ಉಪಕಾರ ಮಾಡಿ ಕೈತೊಳೆದುಕೊಂಡರು. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ದೊಡ್ಡ ಅಪಾಯವಿರಲಿಲ್ಲ.

ಎರಡು ಗಂಟೆಗೆ ಔತಣ ಶುರುವಾಯಿತು. ಮೊದಲ ತಲೆ ದೋಸಾನ್ ಮುಂದೆ ಬಂದು ಕೂತಿತು. ವಯಸ್ಸಿನಲ್ಲಿ ಅವನೇ ಎಲ್ಲರಿಗಿಂತ ಮೇಲೆ ತಾನೆ. ದೋಸಾನ್ ಗಡ್ಡ ನೀವಿಕೊಂಡ, ಚಾಕು ತೆಗೆದುಕೊಂಡ, ಬಲಗೆನ್ನೆಯ ಒಂದು ಚೂರು ಬಾಯಿಗೆ ಹಾಕಿಕೊಂಡ, ಪದ್ಧತಿಯಂತೆ ಕಿವಿ ಕೊಯ್ದು ಒಂದು ಮಗುವಿಗೆ ಕೊಟ್ಟ. ಜನ್ಮ ಸಾರ್ಥಕವಾದವನ ಮುಖ ಅವನದು. ಹುಡುಗಿ "ಕೊಟ್ಟಾಯಿತು" ಎಂದು ಪರದೆ ಒತ್ತಿದಳು. ನಡುವಿನ ಅಂತಸ್ತು ಅದನ್ನು ಬರೆದುಕೊಂಡಿತು. ಆದರೆ ಪರದೆಗೆ ಎರ್ದೆನ್ ಹೇಳಿಕೊಟ್ಟಿದ್ದು ಒಂದೇ ಮಾತು: ದೋಸಾನ್ ಕಂಡರೆ ತಲೆ ಕೊಡಬೇಕು. ಕೊಟ್ಟ ಮೇಲೆ ನಿಲ್ಲಿಸು ಎಂದು ಅವನು ಹೇಳಿರಲಿಲ್ಲ. ಪ್ರತಿ ಹುಡುಗಿಯ ಪರದೆಯಲ್ಲೂ ಮೊದಲ ಹೆಸರು ದೋಸಾನ್‌ನದೇ ಆಗಿ ಉಳಿಯಿತು.

ಎರಡನೆಯ ಹುಡುಗಿ ಎರಡನೆಯ ತಲೆ ತಂದಳು.

"ಇದೇನಮ್ಮ? ಒಂದು ಬಂತಲ್ಲ," ಎಂದ ದೋಸಾನ್.

"ನಿಮಗೇ ಅಜ್ಜ. ಕೊಡ್ಬೇಕು ಅಂತ ಬರೆದಿದೆ ನೋಡಿ."

ದೋಸಾನ್ ಸುತ್ತ ನೋಡಿದ. ತನ್ನ ತಮ್ಮನಿಗೆ ತನ್ನ ಮೇಲೆ ಇಷ್ಟೊಂದು ಗೌರವ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಎರಡನೆಯ ತಲೆಯ ಕೆನ್ನೆಯನ್ನೂ ತಿಂದ. ಮೂರನೆಯ ತಲೆ ಬಂದಾಗ ನಗು ಸ್ವಲ್ಪ ಸಣ್ಣದಾಯಿತು. ಪದ್ಧತಿ ಎಂದರೆ ಪದ್ಧತಿ, ಮುಂದೆ ಬಂದ ತಲೆಯನ್ನು ಕೊಯ್ಯದೆ ಬಿಡುವ ಹಾಗಿಲ್ಲ. ಕಿವಿ ಕೊಡಲು ಮಕ್ಕಳನ್ನು ಪಕ್ಕದ ಮೇಜಿನಿಂದ ಕರೆಸಬೇಕಾಯಿತು.

ಅಳಿಯಂದಿರ ಮೇಜಿನಲ್ಲಿ ಕೂತಿದ್ದ ಎರ್ದೆನ್‌ಗೆ ಮೂರನೆಯ ತಲೆ ಕಂಡಿತು. ಕಂಡ ಕೂಡಲೇ ಅರ್ಥವಾಯಿತು. ಬೀಗರ ಹಿರಿಯ ಅಬ್ದಿಮನಾಪ್, ಎಪ್ಪತ್ತನಾಲ್ಕು ವರ್ಷದ ಗಂಭೀರ ಮನುಷ್ಯ, ಬರಿಯ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದರು.

"ಎಲ್ಲಿಗೆ ಓಡ್ತಿದೀರಿ? ಊಟ ಬರೋ ಹೊತ್ತು," ಎಂದಳು ಶೋಲ್ಪಾನ್.

"ಊಟ ಬಂದ್ರೆ ತಾನೆ!" ಎಂದು ಅವನು ಮೂಲೆಗೆ ಓಡಿ ಕಂಪ್ಯೂಟರ್ ತೆರೆದ. ತನ್ನ ಸಾಲನ್ನು ಅಳಿಸಲು ಹೋದ. ಅಳಿಸಲಾಗಲಿಲ್ಲ. ಔತಣ ಶುರುವಾದ ಮೇಲೆ ಯಾರೂ ಅವಸರದಲ್ಲಿ ಕೈಯಾಡಿಸಬಾರದೆಂದು, ಮೂರು ಅಂತಸ್ತಿನವರೂ ಒಪ್ಪಿಗೆ ಒತ್ತಿದರೆ ಮಾತ್ರ ಬದಲಾವಣೆ ಎಂದು ಕಟ್ಟುಪಾಡು ಹಾಕಿದ್ದವನೂ ಅವನೇ. ರಿಮ್ಮಾ ಪಾವ್ಲೊವ್ನಾಗೆ ಫೋನ್ ಮಾಡಿದ.

"ಒಪ್ಪಿಗೆ ಒತ್ತಿ ರಿಮ್ಮಾ ಪಾವ್ಲೊವ್ನಾ, ಬೇಗ, ದಮ್ಮಯ್ಯ!"

"ನೀವು ಮೇಲಿನ ಅಂತಸ್ತಿನವರು, ಎರ್ದೆನ್. ನನ್ನನ್ನ ನೇರವಾಗಿ ಕೇಳೋ ಹಾಗಿಲ್ಲ."

"ಮಾನ ಹೋಗ್ತಿದೆ ಇಲ್ಲಿ!"

"ಹಾಗಿದ್ರೆ ಬೇಗ ಜೋಮಾರ್ತ್ ಕೈಲಿ ಹೇಳ್ಸಿ. ಗೋಡೆ ಮೇಲಿನ ಕಾಗದಕ್ಕೆ ನನ್ನ ಸಹಿನೂ ಹಾಕಿಸ್ಕೊಂಡಿದೀರಿ." ಫೋನ್ ಇಟ್ಟುಬಿಟ್ಟರು.

ಜೋಮಾರ್ತ್ ವೇದಿಕೆಯ ಮೇಲೆ ಮೈಕು ಹಿಡಿದು ಶುಭ ಹಾರೈಸುತ್ತಿದ್ದ. ಹಾರೈಕೆಯ ನಡುವೆ ಯಾರನ್ನೂ ತಡೆಯುವುದು ನಮ್ಮಲ್ಲಿ ಮಹಾ ಅಪಚಾರ. ಎರ್ದೆನ್ ವೇದಿಕೆಯ ಕೆಳಗೆ ನಿಂತು ಕೈಸನ್ನೆ ಮಾಡಿದ, ಕುತ್ತಿಗೆ ಕೊಯ್ಯುವ ಹಾಗೆ ತೋರಿಸಿದ, ತಲೆ ಮುಟ್ಟಿಕೊಂಡು ಬೆರಳೆಣಿಸಿದ. ಜೋಮಾರ್ತ್ ಅವನಿಗೆ ಪ್ರೀತಿಯಿಂದ ಕೈಬೀಸಿದ.

"ಇವತ್ತಿನ ಮರ್ಯಾದೆ ಎಲ್ಲ ನಡೆಸ್ತಾ ಇರೋದು ನಮ್ಮ ಸಾಫ್ಟ್‌ವೇರು," ಎಂದು ಜೋಮಾರ್ತ್ ಹೇಳುತ್ತಿದ್ದ. "ಮನುಷ್ಯ ಮರೀಬಹುದು, ಮುಖ ನೋಡಿ ಮಣೆ ಹಾಕಬಹುದು. ಇದು ಮರೆಯಲ್ಲ, ಮುಖ ನೋಡಲ್ಲ!"

ಅವನ ಬೆನ್ನ ಹಿಂದೆ ನಾಲ್ಕನೆಯ ತಲೆ ಸಾಗಿಹೋಯಿತು, ಐದನೆಯದೂ ಹೋಯಿತು. ಮಾತು ಮುಗಿದು ಚಪ್ಪಾಳೆ ಬೀಳುವಷ್ಟರಲ್ಲಿ ಆರನೆಯದು ದೋಸಾನ್ ಮುಂದೆ ಇಳಿಯಿತು. ತಲೆಗಳ ಹಿಂದೆ ದೋಸಾನ್ ಈಗ ಅಷ್ಟಾಗಿ ಕಾಣುತ್ತಿರಲಿಲ್ಲ. ಚಾಕು ಹಿಡಿದ ಕೈ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಒಂದು ಸಲ "ಯಾರಾದ್ರೂ ಸ್ವಲ್ಪ ಹಿಡ್ಕೊಳ್ರಪ್ಪ" ಎಂಬ ಧ್ವನಿ ಕೇಳಿಸಿತು.

ತಲೆಗಳು ಮುಗಿದವು. ಜೋಮಾರ್ತನ ನಿಯಮ ಎಚ್ಚರವಾಯಿತು: ಉಳಿದವರಿಗೆ ಸಿದ್ಧವಿರುವ ಹರಿವಾಣ. ಆ ಗಳಿಗೆಯಲ್ಲಿ ಸಿದ್ಧವಿದ್ದದ್ದು ಅಳಿಯಂದಿರಿಗೆ ಮಾಡಿದ್ದ ಎದೆಮಾಂಸ. ಅದನ್ನು ಹೊತ್ತ ಹುಡುಗಿ ಎರ್ದೆನ್‌ನ ಖಾಲಿ ಕುರ್ಚಿಯನ್ನು ದಾಟಿ, ಐನೂರು ಜನರ ಕಣ್ಣೆದುರು, ಬೀಗರ ಹಿರಿಯ ಅಬ್ದಿಮನಾಪ್ ಮುಂದೆ ಅದನ್ನು ಇಟ್ಟಳು.

ಡೊಂಬ್ರಾ ನುಡಿಸುತ್ತಿದ್ದವನು ತಂತಿಯ ಮೇಲೆ ಅಂಗೈ ಇಟ್ಟ. ಎಪ್ಪತ್ತನಾಲ್ಕರ ಬೀಗರಿಗೆ ನಿನ್ನೆ ಮೊನ್ನೆ ಬಂದ ಅಳಿಯನ ಪಾಲು! ಮದುಮಗಳು ಮುಸುಕಿನೊಳಗೆ ಅಳಲು ಶುರುಮಾಡಿದಳು. ಸರ್ಸೆನ್‌ಬಾಯ್ ಕಣ್ಣು ಎರ್ದೆನ್‌ನನ್ನು ಹುಡುಕುತ್ತಿತ್ತು. ಎರ್ದೆನ್ ಕಂಬಕ್ಕೆ ಒರಗಿ ನಿಂತ. ಈ ಮನೆಯಲ್ಲಿ ಇನ್ನು ತನಗೆ ಜಾಗವಿಲ್ಲ ಎಂದು ಅವನಿಗೆ ಖಾತ್ರಿಯಾಯಿತು, ಮೋಲ್ದಿರಳನ್ನು ನೋಡಿ ಅವನಿಗೂ ಅಳು ಬಂತು.

ಅಬ್ದಿಮನಾಪ್ ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಚೂರು ಎದೆಮಾಂಸ ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಇನ್ನೊಂದು ತೆಗೆದುಕೊಂಡರು. ಆಮೇಲೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ಇದನ್ನ ತಿಂದು ಎಷ್ಟು ವರ್ಷ ಆಯ್ತು ಗೊತ್ತಾ?" ಎಂದರು. "ನಮ್ಮಪ್ಪ ತೀರ್ಕೊಂಡಾಗಿಂದ ಎಲ್ಲಿಗೆ ಹೋದ್ರೂ ತಲೆ. ಮದುವೆಗೆ ತಲೆ, ಹುಟ್ಟಿದ ಹಬ್ಬಕ್ಕೆ ತಲೆ. ಅದನ್ನ ಕೊಯ್ದು, ಹಂಚಿ, ಎಲ್ರಿಗೂ ಕೊಟ್ಟು ಮುಗಿಸೋ ಹೊತ್ಗೆ ಬಿಸಿ ಊಟ ಎಲ್ಲಾ ಆರಿರುತ್ತೆ, ಚಹಾ ಬಂದಿರುತ್ತೆ. ಮೂವತ್ತೊಂದು ವರ್ಷದಿಂದ ನಾನು ಮನೆಗೆ ಹೋಗಿ ಬ್ರೆಡ್ಡು ತಿಂದು ಮಲಗ್ತೀನಿ. ಮರ್ಯಾದೆ ಮಾಡಿದೋರು ಬಹಳ ಜನ. ನಿನಗೇನು ಇಷ್ಟ ಅಂತ ಯೋಚ್ನೆ ಮಾಡಿದೋರು ಒಬ್ರೂ ಇಲ್ಲ." ಮತ್ತೊಂದು ಚೂರು ಎತ್ತಿಕೊಂಡರು. "ಯಾರ ಬುದ್ಧಿ ಇದು?"

ಎರ್ದೆನ್‌ಗೆ ಜೀವ ಬಂತು. ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ, ಬಾಯಿಯನ್ನೂ ತೆರೆದ.

"ನನ್ನದೇ," ಎಂದರು ಸರ್ಸೆನ್‌ಬಾಯ್.

ಐನೂರು ಜನರ ಮುಂದೆ ಬೀಗರಿಬ್ಬರೂ ತಬ್ಬಿಕೊಂಡರು. ಚಪ್ಪಾಳೆ ಛಾವಣಿ ಮುಟ್ಟಿತು. ಎರ್ದೆನ್ ತೆರೆದ ಬಾಯಿಯನ್ನು ಮುಚ್ಚಿಕೊಂಡು ತಾನೂ ಚಪ್ಪಾಳೆ ತಟ್ಟಿದ.

"ಬೀಗರೇ," ಎಂದರು ಅಬ್ದಿಮನಾಪ್, ಸರ್ಸೆನ್‌ಬಾಯ್ ಅವರ ಎರಡೂ ಕೈ ಹಿಡಿದುಕೊಂಡು, "ಬರೋ ಶನಿವಾರ ನಮ್ಮ ಕಡೆ ಔತಣಕ್ಕೆ ನೀವು ಬರ್ತೀರಲ್ಲ. ನಿಮ್ಮ ಸಂಕಟ ನನಗೆ ಗೊತ್ತಾಯ್ತು. ನೀವೂ ನನ್ನ ಹಾಗೇ ಹಸ್ಕೊಂಡಿರೋರು, ಇಲ್ದಿದ್ರೆ ಇದು ಹೊಳೀತಿರ್ಲಿಲ್ಲ. ನಿಮ್ಮ ಮುಂದೆ ತಲೆ ಇಡಿಸಲ್ಲ, ಮಾತು ಕೊಡ್ತೀನಿ. ಇದೇ ಛತ್ರ, ಇದೇ ಸಾಫ್ಟ್‌ವೇರು. ನಿಮಗೂ ಎದೆಮಾಂಸಾನೇ!"

ಸರ್ಸೆನ್‌ಬಾಯ್ ನಗು ಹಾಗೆಯೇ ಮುಖದ ಮೇಲೆ ಉಳಿಯಿತು, ಒಳಗಿದ್ದ ಮನುಷ್ಯ ಮಾತ್ರ ಎತ್ತಲೋ ಹೊರಟುಹೋದ. ಅವರಿಗೆ ನಾಲ್ಕು ಹೆಣ್ಣುಮಕ್ಕಳು. ದೊಡ್ಡವಳು ಶೋಲ್ಪಾನ್ ಮದುವೆಯಲ್ಲಿ ಎರ್ದೆನ್‌ಗೆ ತಂದೆತಾಯಿ ಇರಲಿಲ್ಲ, ಬೀಗರ ಔತಣವೇ ನಡೆಯಲಿಲ್ಲ. ಎರಡನೆಯ, ಮೂರನೆಯ ಅಳಿಯಂದಿರ ಕಡೆಯವರು ದೂರದ ನಗರದವರು, ಔತಣದ ಬದಲು ಕೇಕು ಕೊಟ್ಟು ಕಳಿಸಿದ್ದರು. ಬೀಗರ ಮನೆಯಲ್ಲಿ ನಾಲ್ಕು ಜನರ ಎದುರು ಕುರಿಯ ತಲೆ ಮುಂದಿಟ್ಟುಕೊಂಡು ಕೂರಬೇಕೆಂದು ಇಪ್ಪತ್ತು ವರ್ಷ ಆಸೆಪಟ್ಟವರು ಅವರು. ಮೋಲ್ದಿರ್ ಕೊನೆಯವಳು. ಶನಿವಾರದ್ದು ಕೊನೆಯ ಬೀಗರೂಟ.

ಜೋಮಾರ್ತ್ ಆಗಲೇ ಅಬ್ದಿಮನಾಪ್ ಪಕ್ಕದಲ್ಲಿ ನಿಂತಿದ್ದ. ಶನಿವಾರಕ್ಕೆ ಇದೇ ರೀತಿ ನಡೆಸಿಕೊಡುವುದಾಗಿ ಕೈಮೇಲೆ ಕೈಯಿಟ್ಟು, ಎರ್ದೆನ್ ಕಡೆ ತಿರುಗಿದ.

"ಏನು ಮಾಡಿದ್ಯೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಪದ್ಧತಿ ಪದ್ಧತಿನೇ. ಆದ್ರೆ ಮೂರಂತಸ್ತಲ್ಲೂ ಒಂದಕ್ಷರ ಅಲ್ಲಾಡಿದ್ರೂ, ಶನಿವಾರ ಕಳೆದ ಸೋಮವಾರದಿಂದ ನೀನು ಆಫೀಸಿಗೆ ಬರೋದು ಬೇಡ."

ದೋಸಾನ್ ಮೈಮೇಲೆಲ್ಲ ಜಿಡ್ಡು ಮಾಡಿಕೊಂಡು, ಸೋತ ಕೈಯೆತ್ತಿ ಮದುಮಗಳಿಗೆ ಆಶೀರ್ವಾದ ಮಾಡಿದ. ಜನ ಎದ್ದರು. ಎರ್ದೆನ್ ತನ್ನ ಮೇಜಿಗೆ ಹಿಂದಿರುಗಿದ. ಅಲ್ಲಿ ಉಳಿದಿದ್ದದ್ದು ಈರುಳ್ಳಿಯ ಸಾರು ಮಾತ್ರ. ಅದೂ ತಣ್ಣಗಾಗಿತ್ತು.

ಹೊರಗೆ ಕಾರುಗಳ ಹತ್ತಿರ ಮಾವ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದರು.

"ಶನಿವಾರ ನನ್ನ ಮುಂದೆ ತಲೆ ಬರ್ಬೇಕು."

"ಮಾವ, ಬೀಗರು ಮಾತು ಕೊಟ್ಟಿದಾರೆ. ನೀವೇ ನನ್ನ ಬುದ್ಧಿ ಅಂದ್ರಲ್ಲ."

"ಅಂದೆ. ಅದಕ್ಕೇ ನಾನು ಕೇಳ್ದೆ ಅಂತ ಬೀಗರಿಗೆ ಗೊತ್ತಾಗ್ಬಾರ್ದು. ಅವರ ಮನಸ್ಸಿಗೆ ನೋವಾಗ್ಬಾರ್ದು. ನಿಮ್ಮ ಯಜಮಾನನಿಗೂ ತಿಳೀಬಾರ್ದು. ತಲೆ ಮಾತ್ರ ಬರ್ಬೇಕು."

"ಅದು ಹೇಗೆ ಆಗುತ್ತೆ ಮಾವ?"

ಸರ್ಸೆನ್‌ಬಾಯ್ ಅಳಿಯನ ಕೋಟಿನ ಕಾಲರ್ ಸರಿಪಡಿಸಿದರು. ಕಣ್ಣಲ್ಲಿ ನೀರಿತ್ತು.

"ಅದನ್ನ ನಾನು ಹೇಳ್ಕೊಡ್ಲಾ? ಇಷ್ಟೆಲ್ಲಾ ಕಟ್ಟಿದೋನು ನೀನು. ನಿನ್ನ ಕೈಲಿ ಆಗಲ್ಲ ಅನ್ನೋದು ಯಾವುದಿದೆ?"

ಏಳು ವರ್ಷದಲ್ಲಿ ಮಾವ ಅವನ ವಿದ್ಯೆಯನ್ನು ಹೊಗಳಿದ್ದು ಅದೇ ಮೊದಲು. ಸುತ್ತಮುತ್ತ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.